ಗಾಜಿನ ತೊಟ್ಟಿಯಲ್ಲಿ ಒಂದು ತುಂಡು ಕಡಲು

ನೋಡಿದರೆ ನಾಯಿಕೊಡೆ. ಮುಟ್ಟಿದರೆ ಒದ್ದೆ ತೊಗಲು. ಅದರ ಮೈತುಂಬ ಹೂವಿನಂತೆ ಅರಳಿರುವ ಕುಡಿಗಳನ್ನು ಭೂತಗನ್ನಡಿ ಹಿಡಿದು ಎಣಿಸಿದರೆ, ಒಂದೊಂದಕ್ಕೂ ಸರಿಯಾಗಿ ಎಂಟೆಂಟು ಎಸಳು! ಇದು ಗಿಡವೂ ಅಲ್ಲ, ಅಣಬೆಯೂ ಅಲ್ಲ. ಮೃದು ಹವಳವೆಂಬ ಪ್ರಾಣಿಗಳ ಒಟ್ಟು ಕುಟುಂಬ. ಸಾಕುವವರು ಇದನ್ನು 'ಲೆದರ್ ಕೋರಲ್' ಎನ್ನುತ್ತಾರೆ.

ಕಲ್ಲು ಹವಳದಂತೆ ಇದು ಸುಣ್ಣದ ಗೂಡು ಕಟ್ಟುವುದಿಲ್ಲ. ಮಾಂಸದೊಳಗೆ ಸುಣ್ಣದ ಸಣ್ಣ ಸಣ್ಣ ಮುಳ್ಳುಗಳಿರುತ್ತವೆ, ಅಷ್ಟೇ. ಇದರ ಊಟದ ಏರ್ಪಾಡು ಮಾತ್ರ ಸೊಗಸಾದದ್ದು. ಮೈಯೊಳಗೇ ಬಿಡಾರ ಹೂಡಿದ ಸೂಕ್ಷ್ಮ ಪಾಚಿಗಳು ಬೆಳಕಿನಿಂದ ಸಕ್ಕರೆ ತಯಾರಿಸಿ, ಬಾಡಿಗೆಯೆಂಬಂತೆ ಯಜಮಾನನಿಗೆ ಕೊಡುತ್ತವೆ. ಹಾಗಾಗಿ ತೊಟ್ಟಿಗೆ ದಿನಕ್ಕೆ ಎಂಟು ಹತ್ತು ತಾಸು ಒಳ್ಳೆಯ ಬೆಳಕು ಬೇಕೇ ಬೇಕು.

ಮನೆಯಲ್ಲಿ ಹವಳ ಬದುಕೀತೆಂದು ತೋರಿಸಿಕೊಟ್ಟವರಲ್ಲಿ ಇಂಡೋನೇಷ್ಯಾದ ಜಕಾರ್ತದ ಲೀ ಚಿನ್ ಎಂಗ್ ಮುಖ್ಯರು. 1961ರಲ್ಲಿ ಅವರು ತಮ್ಮ ವಿಧಾನವನ್ನು ಬರೆದು ಪ್ರಕಟಿಸಿದರು. ಅವರು ನೆಚ್ಚಿದ್ದು ಯಂತ್ರಗಳನ್ನಲ್ಲ. ಕಡಲಿನ ಜೀವಂತ ಕಲ್ಲು, ಬಿಸಿಲು, ಗಾಳಿಗುಳ್ಳೆ, ಇಷ್ಟನ್ನೇ. ಆ ಕಲ್ಲಿನ ರಂಧ್ರಗಳಲ್ಲಿರುವ ಬ್ಯಾಕ್ಟೀರಿಯಾಗಳು ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯವನ್ನು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಬದಲಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಕೆಲಸ ಒಂದು ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ಹವಳ ಸಾಯುವುದು ಬಹುಮಟ್ಟಿಗೆ ಅಷ್ಟು ದಿನ ಕಾಯಲಾರದವರ ಮನೆಯಲ್ಲೇ.

ನೀರಿಗೆ ಅಡುಗೆ ಉಪ್ಪು ಬೆರೆಸಿದರೆ ಕಡಲಾಗುವುದಿಲ್ಲ. ಕಡಲಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲವೂ ಇವೆ. ಅದಕ್ಕೆಂದೇ ಸಿಗುವ ಕೃತಕ ಕಡಲುಪ್ಪನ್ನು ಶುದ್ಧೀಕರಿಸಿದ ನೀರಿಗೆ, ಲೀಟರಿಗೆ ಸುಮಾರು 35 ಗ್ರಾಂ ಲವಣಾಂಶ ಬರುವಂತೆ ಬೆರೆಸಬೇಕು. ಇಲ್ಲೊಂದು ಪ್ರಶ್ನೆ: ತೊಟ್ಟಿಯ ನೀರು ಆವಿಯಾಗಿ ಎರಡು ಬೆರಳು ಇಳಿದರೆ ತುಂಬಬೇಕಾದದ್ದು ಉಪ್ಪುನೀರೋ, ಸಿಹಿನೀರೋ? ಸಿಹಿನೀರೇ. ಆವಿಯಾದದ್ದು ನೀರು ಮಾತ್ರ, ಉಪ್ಪು ಅಲ್ಲೇ ಉಳಿದಿದೆಯಲ್ಲ! ಶಾಲೆಯ ಪಾಠದ ಈ ಮಾತನ್ನು ಮರೆತು ಹವಳ ಕಳೆದುಕೊಂಡ ದೊಡ್ಡವರಿದ್ದಾರೆ.

ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಇದ್ದರೆ ಕ್ಷೇಮ. ನೀರು ಬಹಳ ಬಿಸಿಯಾದರೆ ಪಾಚಿಗಳು ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ. 1998ರಲ್ಲಿ ಲಕ್ಷದ್ವೀಪದ ಹವಳ ದಿಬ್ಬಗಳಿಗೆ ಆದದ್ದೂ ಇದೇ. ಕರೆಂಟು ಹೋದಾಗ ದೀಪಕ್ಕಾಗಿ ಪರದಾಡಬೇಕಾಗಿಲ್ಲ. ಕತ್ತಲೆಯನ್ನು ಹವಳ ಒಂದೆರಡು ದಿನ ತಡೆದೀತು. ಬ್ಯಾಟರಿಯ ಗಾಳಿ ಪಂಪು ಮಾತ್ರ ಕೈಗೆ ಸಿಗುವಂತಿರಲಿ.

ಆಗಾಗ ಲೆದರ್ ಹವಳ ಕುಡಿಗಳನ್ನೆಲ್ಲ ಒಳಗೆಳೆದುಕೊಂಡು ಕೆಲವು ದಿನ ಮುದುಡಿ ಕೂರುತ್ತದೆ. ಸತ್ತಿತೆಂದು ಎಸೆಯಬಾರದು. ಅದು ಮೇಣದಂಥ ತೆಳುಪೊರೆ ಕಳಚುತ್ತಿದೆ; ತುಸು ಜೋರಾದ ನೀರಿನ ಹರಿವು ಇದ್ದರೆ ಪೊರೆ ಬೇಗ ತೊಳೆದುಹೋಗುತ್ತದೆ. ಇಷ್ಟು ಸಾಧುವಾಗಿ ಕಂಡರೂ ಇದು ನೆರೆಯವರ ಮೇಲೆ ರಾಸಾಯನಿಕ ಯುದ್ಧ ಹೂಡುವ ಜೀವಿ. ನೀರಿಗೆ ಬಿಡುವ ವಿಷವಸ್ತುಗಳಿಂದ ಪಕ್ಕದ ಕಲ್ಲು ಹವಳ ಸೊರಗಬಹುದು. ಎರಡರ ನಡುವೆ ಅಂತರ ಇರಲಿ. ಸಕ್ರಿಯ ಇದ್ದಿಲಿನ ಚೀಲವೊಂದು ತೊಟ್ಟಿಯಲ್ಲಿರಲಿ. ಮೀನಿನ ರೋಗಕ್ಕೆಂದು ತಾಮ್ರದ ಔಷಧ ಹಾಕಿದರಂತೂ ಹವಳದ ಕತೆ ಮುಗಿಯಿತು.

ತಂದೆತಾಯಂದಿರು ಗಮನಿಸಬೇಕಾದ್ದು ಇನ್ನೊಂದಿದೆ. ಮೃದು ಹವಳದ ಜೊತೆಗೇ ಮಾರಾಟವಾಗುವ, ಗುಂಡಿಯಾಕಾರದ ಜೊಆಂಥಿಡ್‌ಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. 2018ರಲ್ಲಿ ಇಂಗ್ಲೆಂಡಿನ ಒಂದು ಮನೆಯಲ್ಲಿ ತೊಟ್ಟಿ ತೊಳೆಯಹೋಗಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದರು. ಕೈಗವಸು, ಕನ್ನಡಕವಿಲ್ಲದೆ ಅವನ್ನು ಮುಟ್ಟಬಾರದು. ಅವಿರುವ ಕಲ್ಲನ್ನು ಕುದಿಸಲೇಬಾರದು, ಬಿಸಿನೀರು ಸುರಿದು ಉಜ್ಜಲೂಬಾರದು.

ಪ್ರವಾಸಕ್ಕೆ ಹೋದವರು ಮುರ್ಡೇಶ್ವರದ ಬಳಿಯ ನೇತ್ರಾಣಿಯಿಂದಲೋ ಲಕ್ಷದ್ವೀಪದಿಂದಲೋ ಹವಳ ಕಿತ್ತು ತರುವಂತಿಲ್ಲ. ಕಲ್ಲು ಹವಳ, ಕರಿ ಹವಳ, ಕಡಲ ಬೀಸಣಿಗೆಗಳು 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿವೆ. ಕಿತ್ತು ತರುವ ಅಗತ್ಯವಾದರೂ ಏನು? ಲೆದರ್ ಹವಳವನ್ನು ದಾಸವಾಳದ ಕಡ್ಡಿಯಂತೆ ಕತ್ತರಿಸಿಯೇ ಹೆಚ್ಚಿಸುತ್ತಾರೆ. ತೊಟ್ಟಿಯಲ್ಲಿ ಬೆಳೆದ ತಾಯಿ ಹವಳದಿಂದ ಹರಿತವಾದ ಬ್ಲೇಡಿನಲ್ಲಿ ಒಂದು ತುಂಡು ಕೊಯ್ದು, ಪುಟ್ಟ ಕಲ್ಲಿಗೆ ಸಡಿಲವಾಗಿ ಕಟ್ಟಿ, ಹರಿವು ಇರುವ ಕಡೆ ಇಡುತ್ತಾರೆ. ಕೆಲವು ವಾರಗಳಲ್ಲಿ ಅದು ಕಲ್ಲನ್ನು ಕಚ್ಚಿಕೊಂಡು ಮತ್ತೆ ಎಂಟೆಂಟು ಎಸಳು ಅರಳಿಸುತ್ತದೆ.