ಎಳ್ಳಮಾಸಿ ನೋಡಿಕೊಂಡು ನೆಕಾರ್ ದಂಡೆಗೆ

ಶಲವಡಿಯಂಥ ಎರೆಸೀಮೆಯ ಊರಲ್ಲಿ ಪ್ರವಾಸದ ತಾರೀಖು ಗೊತ್ತುಮಾಡುವುದು ಹೊಲ. ಹಿಂಗಾರಿ ಜೋಳ, ಕಡಲೆ, ಕುಸುಬಿ ಬಿತ್ತಿ, ಎಡೆ ಹೊಡೆದು, ಕಳೆ ತೆಗೆಸಿದ ಮೇಲೆ ಸುಗ್ಗಿ ಶುರುವಾಗುವವರೆಗೆ ಒಕ್ಕಲುತನದ ಮನೆಗೆ ಸ್ವಲ್ಪ ಉಸಿರಾಡಲು ಬಿಡುವು ಸಿಗುತ್ತದೆ. (ಹತ್ತಿ ಬಿಡಿಸುವ ಮನೆಯವರು ಈ ಮಾತು ಒಪ್ಪಲಿಕ್ಕಿಲ್ಲ.) ಹುಡುಗನೋ ಹುಡುಗಿಯೋ ಸ್ಟುಟ್‌ಗಾರ್ಟ್‌ನಲ್ಲಿ ನೌಕರಿಯಲ್ಲಿದ್ದು, ‘ಅಪ್ಪಾ, ಈ ಸಲ ಬಂದು ಹೋಗ್ರಿ’ ಎಂದು ಫೋನ್ ಮಾಡುತ್ತಿದ್ದರೆ ಹೊರಡಲು ಡಿಸೆಂಬರ್ ಸರಿಯಾದ ತಿಂಗಳು. ಆದರೆ ಟಿಕೆಟ್ ತೆಗೆಸುವ ಮುಂಚೆ ಪಂಚಾಂಗ ನೋಡಬೇಕು. ಎಳ್ಳಮಾಸಿಯ ದಿನ ಚರಗ ಚೆಲ್ಲಲು ಯಜಮಾನ ಹೊಲದಲ್ಲಿಲ್ಲದಿದ್ದರೆ ಮನೆಯವರು ವರ್ಷವಿಡೀ ಆಡಿಕೊಳ್ಳುತ್ತಾರೆ. 2025ರಲ್ಲಿ ಅದು ಡಿಸೆಂಬರ್ 19ಕ್ಕೇ ಬಂದಿತ್ತು. ಕೆಲವು ವರ್ಷ ಜನವರಿಗೆ ಜಾರುತ್ತದೆ. ಜರ್ಮನಿಯ ಊರುಗಳಲ್ಲಿ ಕ್ರಿಸ್‌ಮಸ್ ಸಂತೆ ನವೆಂಬರ್ ಕೊನೆಗೆ ಶುರುವಾಗಿ ಡಿಸೆಂಬರ್ 22ರ ಆಸುಪಾಸಿಗೆ ಮುಗಿಯುತ್ತದೆ. ಎರಡನ್ನೂ ಕೂಡಿಸಿ ನೋಡಿದರೆ ಡಿಸೆಂಬರ್ ಮೊದಲ ಪಕ್ಷದ ಒಂದು ವಾರ ಎಂದೂ ಕೈಕೊಡುವುದಿಲ್ಲ.

ಜರ್ಮನಿಯ ನದಿ, ಕೋಟೆ ಎಂದ ಕೂಡಲೇ ಪ್ರವಾಸದ ಕಂಪನಿಗಳು ತೋರಿಸುವುದು ರೈನ್ ನದಿ. ಬಿಂಗೆನ್‌ನಿಂದ ಕೋಬ್ಲೆನ್ಸ್‌ವರೆಗಿನ 65 ಕಿಲೋಮೀಟರ್ ಕಣಿವೆ 2002ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ, ಚೆಂದವೂ ಇದೆ. ಆದರೆ ಅದು ಬೇಸಿಗೆಯ ಜಾಗ. ಚಳಿಗಾಲದಲ್ಲಿ ಪ್ರವಾಸಿ ದೋಣಿಗಳು ಬಹುಮಟ್ಟಿಗೆ ನಿಲ್ಲುತ್ತವೆ, ಸಣ್ಣ ಕೋಟೆಗಳು ಬಾಗಿಲು ಹಾಕಿಕೊಳ್ಳುತ್ತವೆ. ನಮ್ಮ ಕಡೆಯವರಿಗೆ ನಾನು ಹೇಳುವುದು ನೆಕಾರ್. 362 ಕಿಲೋಮೀಟರ್ ಹರಿದು ಮಾನ್‌ಹೈಮ್‌ನಲ್ಲಿ ರೈನ್ ಸೇರುವ ಈ ನದಿಯ ದಂಡೆಗುಂಟ ರೈಲು ಓಡುತ್ತದೆ, ಊರುಗಳು ಒಂದಕ್ಕೊಂದು ಹತ್ತಿರ. ಅದಕ್ಕಿಂತ ಹೆಚ್ಚಾಗಿ, ಹುಬ್ಬಳ್ಳಿ, ಧಾರವಾಡ, ಬೆಟಗೇರಿಗಳಲ್ಲಿ ಬಂದು ಕೂತು ಕನ್ನಡ ಕಲಿತ ಪಾದ್ರಿಗಳಲ್ಲಿ ಬಹಳ ಮಂದಿ ಈ ನದಿಯ ಸೀಮೆಯವರು.

ಅವರನ್ನು ಕಳಿಸಿದ ಬಾಸೆಲ್ ಮಿಷನ್ ಹುಟ್ಟಿದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಆದರೆ ಅದಕ್ಕೆ ಹುಡುಗರನ್ನು ಕಳಿಸಿದ್ದು ಹೆಚ್ಚಾಗಿ ವುರ್ಟೆಂಬರ್ಗ್, ಅಂದರೆ ಇಂದಿನ ಸ್ಟುಟ್‌ಗಾರ್ಟ್ ಸುತ್ತಲಿನ ನಾಡು. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ 1837ಕ್ಕೆ ಧಾರವಾಡದಲ್ಲಿ, 1839ಕ್ಕೆ ಹುಬ್ಬಳ್ಳಿಯಲ್ಲಿ, 1841ಕ್ಕೆ ಬೆಟಗೇರಿಯಲ್ಲಿ ಠಾಣೆ ಹೂಡಿತು. ಬೆಟಗೇರಿಯ ಮಿಷನ್ ದವಾಖಾನೆಗೆ ನಮ್ಮ ಹಿರಿಯರು ಇಂದಿಗೂ ‘ಜರ್ಮನ್ ದವಾಖಾನೆ’ ಎನ್ನುತ್ತಾರೆ. ಅಣ್ಣಿಗೇರಿಯಲ್ಲಿ ರೈಲು ಹತ್ತಿ ಹೆರಿಗೆಗೆ ಅಲ್ಲಿಗೆ ಹೋದ ಹೆಣ್ಣುಮಕ್ಕಳಿಗೆ ಜರ್ಮನಿ ಎಲ್ಲಿದೆಯೆಂದು ಗೊತ್ತಿಲ್ಲದಿದ್ದರೂ ಹೆಸರಿನ ಪರಿಚಯ ಹಳೆಯದು.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನವಿದೆ. ಇಳಿದವರು ಸೀದಾ ಮಕ್ಕಳ ಮನೆಗೆ ಓಡುವ ಬದಲು ದಾರಿಯಲ್ಲೇ ಸಿಗುವ ಹೈಡೆಲ್‌ಬರ್ಗ್‌ನಲ್ಲಿ ಎರಡು ರಾತ್ರಿ ತಂಗುವುದು ಒಳ್ಳೆಯದು. ಊರ ಮೇಲಿನ ಗುಡ್ಡದಲ್ಲಿ ಕೆಂಪು ಮರಳುಗಲ್ಲಿನ ಅರಮನೆ-ಕೋಟೆ. 1689ರಲ್ಲಿ ಒಮ್ಮೆ, 1693ರಲ್ಲಿ ಮತ್ತೊಮ್ಮೆ ಫ್ರೆಂಚ್ ಸೇನೆ ಅದನ್ನು ಹಾಳುಗೆಡವಿತು. ದುರಸ್ತಿಯ ಮಾತು ನಡೆದಿದ್ದಾಗಲೇ 1764ರಲ್ಲಿ ಸಿಡಿಲು ಬಡಿದು ಮತ್ತೆ ಸುಟ್ಟಿತು. ಆಮೇಲೆ ಪೂರ್ತಿ ಕಟ್ಟುವ ಉಸಾಬರಿಗೆ ಯಾರೂ ಹೋಗಲಿಲ್ಲ. ಅರ್ಧ ಬಿದ್ದ ಗೋಡೆ, ಕಿಟಕಿಯಾಚೆ ಬರೀ ಆಕಾಶ. ಅದೇ ಅದರ ಸೊಗಸು. ಮುರಿದದ್ದನ್ನು ಮುರಿದ ಹಾಗೇ ಜೋಪಾನ ಮಾಡುವುದು ಹೇಗೆಂದು ನೋಡಲಿಕ್ಕಾದರೂ ನರಗುಂದದ ಗುಡ್ಡ ಹತ್ತಿದವರು ಇಲ್ಲಿಗೆ ಬರಬೇಕು. ನೆಲಮಾಳಿಗೆಯಲ್ಲಿ 1751ರ ದ್ರಾಕ್ಷಾರಸದ ಪೀಪಾಯಿ ಇದೆ. ಸುಮಾರು 2.2 ಲಕ್ಷ ಲೀಟರ್ ಹಿಡಿಯುತ್ತದಂತೆ, ಅದರ ನೆತ್ತಿಯ ಮೇಲೆ ಕುಣಿಯಲು ಹಲಗೆ ಹಾಸಿದ್ದಾರೆ! ಮೊಣಕಾಲು ನೋವಿನವರು ಹೆದರಬೇಕಿಲ್ಲ, ಊರೊಳಗಿನಿಂದ ಕೋಟೆಗೆ ಹಳಿಯ ಮೇಲಿನ ಗಾಡಿ ಏರಿಸಿಬಿಡುತ್ತದೆ.

ಹೈಡೆಲ್‌ಬರ್ಗ್‌ನಿಂದ ಮುಂದಿನ ದಾರಿಗೆ ವೇಗದ ರೈಲು ಬೇಡ. ನದಿಗುಂಟ ಎಬರ್‌ಬಾಕ್ ಕಡೆಗೆ ಹೋಗುವ ಸಾದಾ ಲೋಕಲ್ ರೈಲಿನಲ್ಲಿ ಕಿಟಕಿಯ ಪಕ್ಕ ಕೂತರೆ ಸಾಕು. ನೆಕಾರ್‌ಸ್ಟೈನಾಕ್ ಎಂಬ ಸಣ್ಣ ಊರಿನ ಮೇಲೆ ಒಂದೇ ಸಾಲಿನಲ್ಲಿ ನಾಲ್ಕು ಕೋಟೆಗಳು, ಆಮೇಲೆ ಹಿರ್ಶ್‌ಹಾರ್ನ್ ಕೋಟೆ. ಎಲೆ ಉದುರಿದ ಕಾಡಿನಲ್ಲಿ ಚಳಿಗಾಲದಲ್ಲೇ ಇವು ಚೆನ್ನಾಗಿ ಕಾಣುವುದು. ಬೇಸಿಗೆಯಲ್ಲಿ ಹಸಿರು ಮುಚ್ಚಿಬಿಡುತ್ತದೆ. ಈ ನಾಡಿನಲ್ಲಿ ‘ಬಾಡೆನ್-ವುರ್ಟೆಂಬರ್ಗ್ ಟಿಕೆಟ್’ ಎಂಬ ಒಂದು ದಿನದ ಚೀಟಿ ಸಿಗುತ್ತದೆ. ಐದು ಮಂದಿಯವರೆಗೆ ಒಟ್ಟಾಗಿ ಓಡಾಡಬಹುದು. ವಾರದ ದಿನಗಳಲ್ಲಿ ಬೆಳಗ್ಗೆ 9ರ ನಂತರ ಮಾತ್ರ ನಡೆಯುತ್ತದೆ, ವೇಗದ ಐಸಿಇ ರೈಲಿಗೆ ನಡೆಯುವುದಿಲ್ಲ. ಒಂಬತ್ತರ ಮುಂಚೆ ಹೊರಟು ಮಾಡುವುದೂ ಏನಿಲ್ಲ: ಡಿಸೆಂಬರಿನಲ್ಲಿ ಅಲ್ಲಿ ಹೊತ್ತು ಹುಟ್ಟುವುದೇ ಎಂಟು ದಾಟಿದ ಮೇಲೆ, ಸಂಜೆ ನಾಲ್ಕೂವರೆಗೆ ಕತ್ತಲು. ದಿನಕ್ಕೆ ಒಂದೇ ಊರು ಎಂದು ಹಟ ಹಿಡಿಯಬೇಕು. ಬೆಳಕಿನಲ್ಲಿ ಕೋಟೆ, ಕತ್ತಲಾದ ಮೇಲೆ ಸಂತೆ.

ಹೈಲ್‌ಬ್ರಾನ್ ಹತ್ತಿರ, ನದಿಯಿಂದ ತುಸು ಒಳಗೆ ಬ್ರಾಕೆನ್‌ಹೈಮ್ ಇದೆ. 1811ರಲ್ಲಿ ಹೆರ್ಮನ್ ಮೊಗ್ಲಿಂಗ್ ಹುಟ್ಟಿದ ಊರು. 1843ರ ಜುಲೈ 1ರಂದು ಮಂಗಳೂರಿನಿಂದ ‘ಮಂಗಳೂರ ಸಮಾಚಾರ’ ಹೊರಡಿಸಿದವನು ಆತ. ಕನ್ನಡ ಪತ್ರಿಕಾ ದಿನವನ್ನು ಆಚರಿಸುವುದು ಆ ತಾರೀಖಿಗೇ. ಬ್ರಾಕೆನ್‌ಹೈಮ್‌ಗೆ ರೈಲಿಲ್ಲ, ಬಸ್ ಹಿಡಿಯಬೇಕು. ಪತ್ರಿಕೆಯ ಗೀಳಿಲ್ಲದವರು ಬಿಡಬಹುದು. ಎಸ್ಲಿಂಗೆನ್ ಮಾತ್ರ ಬಿಡಬಾರದು. ಮೊಗ್ಲಿಂಗ್ 1881ರಲ್ಲಿ ಕಣ್ಣು ಮುಚ್ಚಿದ್ದು ಅಲ್ಲಿ. ಸ್ಟುಟ್‌ಗಾರ್ಟ್‌ನಿಂದ ಲೋಕಲ್ ರೈಲಿನಲ್ಲಿ ಕಾಲು ಗಂಟೆ. ಮರದ ಚೌಕಟ್ಟಿಗೆ ಮಣ್ಣು, ಸುಣ್ಣ ತುಂಬಿ ಕಟ್ಟಿದ ಹಳೆಯ ಮನೆಗಳು, ಊರೊಳಗೇ ಹಾಯ್ದು ಹೋಗುವ ನೆಕಾರ್ ಕಾಲುವೆಗಳು, ಅವುಗಳ ಮೇಲೆ ಹಳೆಯ ಕಲ್ಲಿನ ಸೇತುವೆ. ದ್ರಾಕ್ಷಿ ತೋಟಗಳ ಪಕ್ಕದಿಂದ ಮಾಡು ಹೊದಿಸಿದ ಮರದ ಮೆಟ್ಟಿಲು ಮೇಲಿನ ಕೋಟೆಗೋಡೆಗೆ ಏರುತ್ತದೆ. ಮಳೆ ಬಂದರೂ ತಲೆ ತೋಯುವುದಿಲ್ಲ. ಕ್ರಿಸ್‌ಮಸ್ ಸಂತೆಯ ಜೊತೆಗೆ ಇಲ್ಲಿ ಮಧ್ಯಯುಗದ ಸಂತೆಯೂ ನಡೆಯುತ್ತದೆ. ಕಮ್ಮಾರ, ಬುಟ್ಟಿ ಹೆಣೆಯುವವ, ಪಂಜಿನ ಬೆಳಕು. ಬಿಸಿ ಮಾಡಿ ಕೊಡುವ ಗ್ಲೂವೈನ್ ದ್ರಾಕ್ಷಾರಸವೇ. ಬೇಡವೆಂದವರು ‘ಕಿಂಡರ್‌ಪುನ್ಶ್’ ಕೇಳಬೇಕು, ಅದು ಮಕ್ಕಳ ಪೇಯ. ಲೋಟಕ್ಕೆ ಮುಂಗಡ ಹಿಡಿಯುತ್ತಾರೆ, ಮರಳಿಸಿದರೆ ದುಡ್ಡು ವಾಪಸ್. ಶಾಖಾಹಾರಿಗಳು ‘ಷ್ಪೆಟ್ಸ್‌ಲೆ’ ತಿನ್ನುವ ಮುಂಚೆ ತಿಳಿದಿರಲಿ, ಆ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ.

ಕೊನೆಗೆ ಟ್ಯೂಬಿಂಗೆನ್. 1477ರ ವಿಶ್ವವಿದ್ಯಾಲಯ, ನದಿಗೆ ಮುಖ ಮಾಡಿದ ಬಣ್ಣದ ಮನೆಗಳು, ಕವಿ ಹೋಲ್ಡರ್‌ಲಿನ್ ಬಾಳಿನ ಕೊನೆಯ ಮೂರೂವರೆ ದಶಕ ಕಳೆದ ಹಳದಿ ಗೋಪುರ. ಮೊಗ್ಲಿಂಗ್ ಓದಿದ್ದು ಇಲ್ಲಿ, ಮಲಯಾಳಂ ನಿಘಂಟಿನ ಹೆರ್ಮನ್ ಗುಂಡರ್ಟ್ ಓದಿದ್ದೂ ಇಲ್ಲೇ. ಆ ಗುಂಡರ್ಟ್‌ನ ಮೊಮ್ಮಗ ಹೆರ್ಮನ್ ಹೆಸ್ಸೆ ಇಲ್ಲಿಯ ಪುಸ್ತಕದಂಗಡಿಯಲ್ಲಿ ಕೆಲಸ ಕಲಿತ. ಕನ್ನಡ ನಿಘಂಟಿನ ಕಿಟ್ಟೆಲ್ ಮಾತ್ರ ಈ ಸೀಮೆಯವನಲ್ಲ, ದೂರದ ಉತ್ತರದ ಕಡಲಂಚಿನವನು. 1853ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿ ಕರ್ನಾಟಕಕ್ಕೆ ಬಂದವನು 1894ರಲ್ಲಿ 70 ಸಾವಿರ ಶಬ್ದಗಳ ನಿಘಂಟು ಕೊಟ್ಟ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರ ಡಿಸೆಂಬರಿನಲ್ಲಿ ಅವನು ತೀರಿಕೊಂಡದ್ದು ಇದೇ ಊರಲ್ಲಿ. ಧಾರವಾಡದ ಕಿಟ್ಟೆಲ್ ಕಾಲೇಜಿನಲ್ಲಿ ಓದಿದವರಿಗೆ ಈ ಊರು ನೋಡದೆ ತಿರುಗಿ ಬರುವ ಜಾಗವಲ್ಲ. ಹೊತ್ತಿದ್ದರೆ ಹತ್ತಿರದ ಹೋಹೆನ್‌ಝೋಲರ್ನ್ ಕೋಟೆಗೆ ಹೋಗಿಬರಬಹುದು. 855 ಮೀಟರ್ ಎತ್ತರದ ಗುಡ್ಡದ ಮೇಲಿದೆ, ನೋಡಲು ಪುರಾತನ, ಕಟ್ಟಿ ಮುಗಿದದ್ದು 1867ಕ್ಕೆ. ಮಂಜು ಕವಿದ ದಿನ ಹತ್ತಿದರೆ ಕೋಟೆಯೂ ಕಾಣುವುದಿಲ್ಲ, ಕೆಳಗಿನ ನಾಡೂ ಕಾಣುವುದಿಲ್ಲ.

ತಯಾರಿಯಲ್ಲಿ ಹೆಚ್ಚು ಹೊತ್ತು ತಿನ್ನುವುದು ವೀಸಾ. ಶೆಂಗೆನ್ ವೀಸಾಕ್ಕೆ ಹೊರಡುವ ಆರು ತಿಂಗಳೊಳಗೆ ಯಾವಾಗಲಾದರೂ ಅರ್ಜಿ ಹಾಕಬಹುದು, ತಡವೆಂದರೆ 15 ದಿನ ಮುಂಚೆ. ಆದರೆ ಡಿಸೆಂಬರ್ ಪ್ರವಾಸಕ್ಕೆ ದಸರೆ ಹೊತ್ತಿಗೇ ಕಾಗದ ಸೇರಿಸುವುದು ಜಾಣತನ. ಶುಲ್ಕ 90 ಯುರೋ, ಕನಿಷ್ಠ 30 ಸಾವಿರ ಯುರೋದ ಪ್ರವಾಸ ವಿಮೆ ಕಡ್ಡಾಯ. ಪಗಾರದ ಚೀಟಿ ಇಲ್ಲದ ಒಕ್ಕಲಿಗರು ಹೊಲದ ಉತಾರ, ಪೇಟೆಗೆ ಮಾಲು ಹಾಕಿದ ಪಾವತಿ, ಬ್ಯಾಂಕ್ ಪಾಸ್‌ಬುಕ್ ಎಲ್ಲ ಜೋಡಿಸಿಡಲಿ. ಊರಿಗೆ ಮರಳಿ ಬರುತ್ತಾರೆ ಎನ್ನುವುದಕ್ಕೆ ಹೊಲಕ್ಕಿಂತ ದೊಡ್ಡ ಆಧಾರ ಯಾವುದು? ಬೆರಳಚ್ಚು ಕೊಡಲು ಬೆಂಗಳೂರಿಗೆ ಒಂದು ಸುತ್ತು ಆಗುತ್ತದೆ.

ಇನ್ನು ಗಂಟು. ಹೊರಗೆ ಸೊನ್ನೆಯ ಆಸುಪಾಸು, ಒಳಗೆ ಬೆಚ್ಚಗೆ; ಒಂದು ದಪ್ಪ ಕೋಟಿಗಿಂತ ಮೂರು ತೆಳು ಪದರ ವಾಸಿ, ಜಾರದ ಅಡಿಯ ಬೂಟು ಬೇಕೇ ಬೇಕು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಧಾರಾಳ ಒಯ್ಯಬಹುದು, ಅಲ್ಲಿಯ ಚಳಿಗೆ ಇಲ್ಲಿಗಿಂತ ಹೆಚ್ಚು ರುಚಿ. ಆದರೆ ಹೊರದೇಶದವರು ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಐರೋಪ್ಯ ಒಕ್ಕೂಟದ ನಿರ್ಬಂಧವಿದೆ. ಹೀಗಾಗಿ ತುಪ್ಪದ ಡಬ್ಬಿಯ ಜೊತೆಗೆ ಧಾರವಾಡ ಪೇಡೆಯನ್ನೂ ಮನೆಯಲ್ಲೇ ಬಿಡುವುದು ಕ್ಷೇಮ. ಸ್ಟುಟ್‌ಗಾರ್ಟ್‌ನವರಿಗೆ ಈ ಸುದ್ದಿಯನ್ನು ಫೋನಿನಲ್ಲೇ ಮೊದಲು ಹೇಳಿಬಿಡಿ. ವಿಮಾನ ನಿಲ್ದಾಣಕ್ಕೆ ಬರುವವರು ಎದುರು ನೋಡುವುದು ಹೆಚ್ಚಾಗಿ ಅದನ್ನೇ.