ಜನನತೂಕ ನೋಡಿ ಹೃದ್ರೋಗ ಹೇಳಬಹುದೇ?

ಪ್ರಶ್ನೆ: ತೂಕ ಕಡಿಮೆಯಿರುವ ಕೂಸಿಗೆ ಮುಂದೆ ಹೃದ್ರೋಗ ಬರುತ್ತದಂತೆ, ನಿಜವೇ?
– ಓದುಗರು, ಮೈಸೂರು

ಉತ್ತರ: ಇದಕ್ಕೆ ಸಾಕ್ಷ್ಯ ಸಿಕ್ಕಿದ್ದು ನಿಮ್ಮೂರಲ್ಲೇ! ನೀವೆಲ್ಲ ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೂ ಶಿಶುಗಳ ತೂಕ, ಉದ್ದ, ತಲೆಸುತ್ತಳತೆ ಬರೆದಿಟ್ಟಿದ್ದರು. ಅಲ್ಲಿ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ವರದಿ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಹುಟ್ಟುವಾಗ ಎರಡೂವರೆ ಕಿಲೋ ಮೀರದವರಲ್ಲಿ ಶೇ 11 ಮಂದಿಗೆ ಹೃದ್ರೋಗ, 3.1 ಕಿಲೋ ದಾಟಿದ್ದವರಲ್ಲಿ ಶೇ 3. ಸಕ್ಕರೆ ಕಾಯಿಲೆಯ ಲೆಕ್ಕ ಮಾತ್ರ ವಿಚಿತ್ರ: ಗಿಡ್ಡಗೆ, ದುಂಡಗೆ ಹುಟ್ಟಿದವರಲ್ಲೇ ಅದು ಹೆಚ್ಚು, ಅವರ ತಾಯಂದಿರ ತೂಕವೂ ಹೆಚ್ಚಿತ್ತು. ಆದರೆ ಇದು ಗುಂಪಿನ ಲೆಕ್ಕ, ನಿಮ್ಮ ಕೂಸಿನ ಜಾತಕವಲ್ಲ. ತೂಕ ಕಡಿಮೆಯಿದ್ದವರಲ್ಲೂ ನೂರಕ್ಕೆ 89 ಮಂದಿಗೆ ಹೃದ್ರೋಗ ಇರಲಿಲ್ಲ.