ಕ್ಯಾಲಿಫೋರ್ನಿಯಾದಲ್ಲಿ ಮನೆ ಏಕೆ ಸಿಗುತ್ತಿಲ್ಲ? ಇಗರ್ಜಿಯ ಜಾಗದಲ್ಲಿ ಮನೆ ಕಟ್ಟಲು ಕಾನೂನು ಏಕೆ ಬೇಕಾಯಿತು?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಉದ್ಯೋಗದಲ್ಲಿರುವ ಮಕ್ಕಳ ಬಳಿ ಹೋಗಿ, ಐದಾರು ತಿಂಗಳು ಇದ್ದು ಮರಳಿದ ಹಿರಿಯರು ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿದ್ದಾರೆ. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಅವರೊಡನೆ ಮಾತಿಗೆ ನಿಂತರೆ ಎರಡು ಸಂಗತಿಗಳನ್ನು ಹೇಳದೆ ಬಿಡುವುದಿಲ್ಲ. "ಫಾದರ್, ಮಗನಿಗೆ ಕೈತುಂಬ ಸಂಬಳ. ಆದರೂ ಇನ್ನೂ ಬಾಡಿಗೆ ಮನೆಯಲ್ಲೇ ಇದ್ದಾನೆ" ಎಂಬುದು ಒಂದು. ಅಷ್ಟು ಸಿರಿವಂತ ಊರಿನಲ್ಲೂ ಸೇತುವೆಯ ಕೆಳಗೆ ಡೇರೆ ಹಾಕಿಕೊಂಡು, ಕಾರಿನೊಳಗೆ ಮಲಗಿ ದಿನ ಕಳೆಯುವ ಜನರನ್ನು ಕಂಡ ಬೆರಗು ಇನ್ನೊಂದು. ಇವೆರಡೂ ಬೇರೆ ಬೇರೆ ಎಂದು ಅವರು ತಿಳಿದಿರುತ್ತಾರೆ. ವಾಸ್ತವದಲ್ಲಿ ಎರಡಕ್ಕೂ ಕಾರಣ ಒಂದೇ.

ಆ ರಾಜ್ಯದಲ್ಲಿ ಚರ್ಚುಗಳು ತಮ್ಮ ಸ್ವಂತ ಜಾಗದಲ್ಲಿ ಕಡಿಮೆ ವರಮಾನದವರಿಗೆ ಮನೆ ಕಟ್ಟಲು ಅನುವು ಮಾಡಿಕೊಡುವ ಕಾನೂನೊಂದು 2024ರ ಜನವರಿ 1ರಂದು ಜಾರಿಗೆ ಬಂತು. "ಚರ್ಚ್ ತನ್ನ ಜಾಗದಲ್ಲಿ ಬಡವರಿಗೆ ಮನೆ ಕಟ್ಟುವುದಕ್ಕೆ ಕಾನೂನು ಯಾಕೆ ಬೇಕು?" ಎಂದು ನಮ್ಮನ್ನು ಕೇಳಿದವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಸಿಕ್ಕಿದರೆ ಅಲ್ಲಿನ ವಸತಿ ಸಂಕಟದ ಮುಕ್ಕಾಲು ಪಾಲು ಅರ್ಥವಾದ ಹಾಗೆ.

ಮೊದಲು ಕೆಲವು ಅಂಕಿಗಳು. 2024ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಮನೆಗಳ ನಡುಮಟ್ಟದ ಬೆಲೆ ಮೊದಲ ಬಾರಿಗೆ 9 ಲಕ್ಷ ಡಾಲರ್ ದಾಟಿತು. ಅಂದರೆ ಮಾರಾಟವಾದ ಮನೆಗಳಲ್ಲಿ ಅರ್ಧದಷ್ಟು ಅದಕ್ಕಿಂತಲೂ ದುಬಾರಿ. ವರ್ಷಕ್ಕೆ 1,17,400 ಡಾಲರ್ ವರಮಾನವಿರುವ ನಾಲ್ವರ ಕುಟುಂಬವನ್ನೂ 2018ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೇಂದ್ರ ಸರಕಾರದ ವಸತಿ ಇಲಾಖೆ 'ಕಡಿಮೆ ವರಮಾನ'ದವರ ಸಾಲಿಗೆ ಸೇರಿಸಿತು. 2024ರ ಗಣತಿಯಲ್ಲಿ ರಾಜ್ಯದಾದ್ಯಂತ ಮನೆಯಿಲ್ಲದವರ ಸಂಖ್ಯೆ ಸುಮಾರು 1,87,000. ಅವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಜನರಿಗೆ ರಾತ್ರಿ ಕಳೆಯಲು ಆಶ್ರಯಧಾಮವೂ ಇರಲಿಲ್ಲ.

ಬೀದಿಗೆ ಬಿದ್ದವರೆಂದರೆ ಕುಡುಕರು, ಮಾದಕ ವಸ್ತುಗಳಿಗೆ ಬಲಿಯಾದವರು, ಎಲ್ಲಿಂದಲೋ ಬಂದವರು ಎಂಬ ಭಾವನೆ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ದೊಡ್ಡ ಸಮೀಕ್ಷೆ ಬೇರೆಯೇ ಚಿತ್ರ ಕೊಡುತ್ತದೆ. ಮನೆ ಕಳೆದುಕೊಂಡವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಕೊನೆಯದಾಗಿ ಮನೆಯಲ್ಲಿ ವಾಸವಿದ್ದದ್ದು ಅದೇ ರಾಜ್ಯದಲ್ಲಿ. ಬೀದಿಗೆ ಬರುವ ಮುಂಚಿನ ಆರು ತಿಂಗಳಲ್ಲಿ ಅವರ ಕುಟುಂಬದ ನಡುಮಟ್ಟದ ವರಮಾನ ತಿಂಗಳಿಗೆ 960 ಡಾಲರ್. ಅಷ್ಟು ಹಣಕ್ಕೆ ಆ ರಾಜ್ಯದ ಹೆಚ್ಚಿನ ದೊಡ್ಡ ನಗರಗಳಲ್ಲಿ ಒಂದು ಕೋಣೆಯ ಮನೆ ಸಿಗುವುದು ಕಷ್ಟ. ಮಾದಕ ವಸ್ತುಗಳ ಅತಿಸೇವನೆಯಿಂದ ಸಾಯುವವರ ಪ್ರಮಾಣ ಹಲವು ವರ್ಷ ಅಮೆರಿಕದಲ್ಲೇ ಅತಿ ಹೆಚ್ಚಾಗಿದ್ದದ್ದು ವೆಸ್ಟ್ ವರ್ಜೀನಿಯಾದಲ್ಲಿ. ಅಲ್ಲಿ ಬಡತನವೂ ಹೆಚ್ಚು. ಆದರೆ ಮನೆಯಿಲ್ಲದವರ ಪ್ರಮಾಣ ಕ್ಯಾಲಿಫೋರ್ನಿಯಾಕ್ಕಿಂತ ಎಷ್ಟೋ ಕಡಿಮೆ. ಏಕೆಂದರೆ ಅಲ್ಲಿ ಬಾಡಿಗೆ ಅಗ್ಗ. ಕೆಟ್ಟ ಚಟವಿರುವವನಿಗೂ ಅಲ್ಲಿ ತಲೆಯ ಮೇಲೊಂದು ಸೂರು ಉಳಿಯುತ್ತದೆ.

ಮಳೆಗಾಲದ ಮೀನಿನ ಲೆಕ್ಕ

ಕರಾವಳಿಯವರಾದ ನಮಗೆ ಇದನ್ನು ಮೀನು ಮಾರುಕಟ್ಟೆಯಿಂದ ತಿಳಿಯುವುದು ಸುಲಭ. ಜೂನ್ 1ರಿಂದ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಕಡಿಮೆ, ತಿನ್ನುವ ಬಾಯಿಗಳು ಅಷ್ಟೇ. ಆಗ ಅಂಜಲ್ ತಿನ್ನುತ್ತಿದ್ದವರು ಉಪವಾಸ ಕೂರುವುದಿಲ್ಲ, ಬಂಗುಡೆಯ ಬುಟ್ಟಿಯ ಮುಂದೆ ಬಂದು ನಿಲ್ಲುತ್ತಾರೆ. ಬಂಗುಡೆಯ ಬೆಲೆ ಏರುತ್ತದೆ. ಬಂಗುಡೆ ಕೊಳ್ಳುತ್ತಿದ್ದವರು ಬೂತಾಯಿಗೆ ಇಳಿಯುತ್ತಾರೆ, ಬೂತಾಯಿ ಕೊಳ್ಳುತ್ತಿದ್ದವರಿಗೆ ಒಣಮೀನೇ ಗತಿ. ಮೀನು ಮಾರುವ ಹೆಂಗಸನ್ನು ಬೈದು ಪ್ರಯೋಜನವಿಲ್ಲ. ಸರಕಾರ ಬಂಗುಡೆಗೆ ದರ ಗೊತ್ತುಮಾಡಿದರೂ ಬುಟ್ಟಿಯಲ್ಲಿ ಒಂದು ಮೀನೂ ಹೆಚ್ಚಾಗದು.

ಸ್ಯಾನ್ ಫ್ರಾನ್ಸಿಸ್ಕೋದ ಸುತ್ತಲಿನ ಬೇ ಏರಿಯಾದಲ್ಲಿ ನಡೆದದ್ದು ಇದೇ. ಕಂಪ್ಯೂಟರ್ ಕಂಪೆನಿಗಳು ಲಕ್ಷಗಟ್ಟಲೆ ಉದ್ಯೋಗ ತಂದವು, ಮನೆಗಳು ಮಾತ್ರ ಆ ವೇಗದಲ್ಲಿ ಏಳಲಿಲ್ಲ. ನಮ್ಮವರಂತಹ ಇಂಜಿನಿಯರುಗಳು ಹಿಂದೆ ಶಾಲಾ ಶಿಕ್ಷಕರು, ದಾದಿಯರು ವಾಸಿಸುತ್ತಿದ್ದ ಹಳೆಯ ಮನೆಗಳಿಗೆ ಬಂದರು. ಶಿಕ್ಷಕರು, ದಾದಿಯರು ಬೆಟ್ಟದಾಚೆಯ ಊರುಗಳಿಗೆ ಸರಿದು ದಿನಕ್ಕೆ ಮೂರು ನಾಲ್ಕು ಗಂಟೆ ದಾರಿಯಲ್ಲೇ ಕಳೆಯುವಂತಾಯಿತು. ಸಾಲಿನ ಕೊನೆಯಲ್ಲಿದ್ದವರಿಗೆ ಸೇತುವೆಯ ಕೆಳಗಿನ ಜಾಗ. ಹಿರಿಯರು ಕಂಡ ಮಗನ ಬಾಡಿಗೆ ಮನೆ, ದಾರಿಬದಿಯ ಡೇರೆ ಎರಡೂ ಇದೇ ಸಾಲಿನಲ್ಲಿವೆ ಎಂದು ನಾವು ಮೇಲೆ ಹೇಳಿದ್ದು ಈ ಅರ್ಥದಲ್ಲಿ.

ಕಟ್ಟಬಾರದೆಂಬ ನಿಯಮ

ಹಾಗಾದರೆ ಕಟ್ಟಬಾರದೇ? ಜಾಗವಿಲ್ಲವೇ? ನಮ್ಮಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಒಂದು ಬಡ ಕುಟುಂಬಕ್ಕೆ ಮನೆ ಕಟ್ಟಿಕೊಡಲು ಹೊರಟರೆ ಮೊದಲು ನೋಡಬೇಕಾದದ್ದು ಹಣದ ದಾರಿ. ಅಲ್ಲಿ ಹಣ, ಜಾಗ, ಕಟ್ಟುವವರು ಎಲ್ಲ ಇದ್ದರೂ ನಿಯಮ ಬಿಡುವುದಿಲ್ಲ. ನಗರವನ್ನು ವಲಯಗಳಾಗಿ ವಿಂಗಡಿಸಿ, ಎಲ್ಲಿ ಏನು ಕಟ್ಟಬಹುದು ಎಂದು ನಗರಸಭೆ ಮೊದಲೇ ಗೊತ್ತುಮಾಡಿರುತ್ತದೆ. ವಾಸದ ವಲಯಗಳಲ್ಲಿ ಬಹುಪಾಲು ಕಡೆ ದೀರ್ಘ ಕಾಲ ಒಂದು ನಿವೇಶನಕ್ಕೆ ಒಂದು ಕುಟುಂಬದ ಒಂದೇ ಮನೆ ಎಂಬ ನಿಯಮವಿತ್ತು. ಅದರ ಪಕ್ಕದಲ್ಲಿ ನಾಲ್ಕು ಫ್ಲ್ಯಾಟುಗಳ ಸಣ್ಣ ಕಟ್ಟಡ ಕಟ್ಟಿದರೂ ಅಕ್ರಮವಾಗುತ್ತಿತ್ತು. ಲಾಸ್ ಏಂಜಲೀಸ್ ನಗರದ ನಿಯಮಗಳು 1960ರಲ್ಲಿ ಸುಮಾರು 1 ಕೋಟಿ ಜನರಿಗೆ ಸಾಕಾಗುವಷ್ಟು ಮನೆಗಳಿಗೆ ಅವಕಾಶ ಕೊಟ್ಟಿದ್ದವು. ಆಗ ಅಲ್ಲಿದ್ದ ಜನ ಸುಮಾರು 25 ಲಕ್ಷ. 1990ರ ಹೊತ್ತಿಗೆ ಜನಸಂಖ್ಯೆ 35 ಲಕ್ಷ ಮುಟ್ಟಿತು. ನಿಯಮಗಳ ಅವಕಾಶ ಮಾತ್ರ ಸುಮಾರು 40 ಲಕ್ಷಕ್ಕೆ ಕುಗ್ಗಿತ್ತು. ನೆಲ ಅಷ್ಟೇ ಇತ್ತು, ಕಾಗದದ ಮೇಲೆ ನಗರ ಚಿಕ್ಕದಾಯಿತು.

ಈ 'ಒಂದೇ ಮನೆ' ನಿಯಮದ ಹುಟ್ಟನ್ನೂ ಹೇಳದೆ ಬಿಡಬಾರದು. ಅಮೆರಿಕದಲ್ಲಿ ಇದನ್ನು ಮೊದಲು ಜಾರಿಗೆ ತಂದದ್ದು ಬೇ ಏರಿಯಾದ ಬರ್ಕ್ಲಿ ನಗರ, 1916ರಲ್ಲಿ. ಕರಿಯರೂ ಚೀನೀಯರೂ ಬಿಳಿಯರ ಬಡಾವಣೆಗಳಿಗೆ ಬಾರದಂತೆ ತಡೆಯುವ ಉದ್ದೇಶ ಅದರ ಹಿಂದೆ ಇತ್ತು ಎಂಬುದನ್ನು ಬರ್ಕ್ಲಿಯ ನಗರಸಭೆಯೇ 2021ರಲ್ಲಿ ಒಪ್ಪಿಕೊಂಡು, ನಿಯಮವನ್ನು ಕೊನೆಗಾಣಿಸುವ ನಿರ್ಣಯ ಮಾಡಿತು. ಈಗ ಆ ನಿಯಮವನ್ನು ಸಮರ್ಥಿಸುವ ಹೆಚ್ಚಿನವರ ಮನಸ್ಸಿನಲ್ಲಿ ಆ ದುರುದ್ದೇಶ ಇರಲಾರದು. ಟ್ರಾಫಿಕ್, ಪಾರ್ಕಿಂಗ್, ಗದ್ದಲ, ಬೀದಿಯ ಚಂದ, ಇವು ಅವರ ಚಿಂತೆ. ಜೀವಮಾನದ ಉಳಿತಾಯವೆಲ್ಲ ಆ ಒಂದು ಮನೆಯಲ್ಲಿರುವಾಗ ಅದರ ಬೆಲೆ ಇಳಿದೀತೆಂಬ ಭಯವೂ ಇದೆ. ಈ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಒಬ್ಬರ ಉಳಿತಾಯ ಬೆಳೆಯುವುದು ಇನ್ನೊಬ್ಬರ ಬಾಡಿಗೆ ಏರುವುದರಿಂದ ಎಂಬುದೂ ನಿಜ.

ವಲಯ ನಿಯಮವನ್ನು ದಾಟಿದರೂ ಪರಿಸರ ಕಾನೂನು ಕಾದಿತ್ತು. ಅಣೆಕಟ್ಟು, ಕಾರ್ಖಾನೆಗಳಿಂದ ಪ್ರಕೃತಿಗೆ ಹಾನಿಯಾಗದಿರಲೆಂದು 1970ರಲ್ಲಿ ಬಂದ ಒಳ್ಳೆಯ ಕಾನೂನು, ಕಾಲಕ್ರಮದಲ್ಲಿ ಪಕ್ಕದ ಮನೆಯವರು ಫ್ಲ್ಯಾಟುಗಳ ವಿರುದ್ಧ ದಾವೆ ಹೂಡುವ ಸಾಧನವಾಯಿತು. ಬರ್ಕ್ಲಿಯಲ್ಲಿ ವಿಶ್ವವಿದ್ಯಾನಿಲಯವು ಸುಮಾರು 1,100 ವಿದ್ಯಾರ್ಥಿಗಳಿಗೂ, ಮನೆಯಿಲ್ಲದ ನೂರಕ್ಕೂ ಹೆಚ್ಚು ಮಂದಿಗೂ ವಸತಿ ಕಟ್ಟಲು ಹೊರಟಾಗ, ವಿದ್ಯಾರ್ಥಿಗಳು ಮಾಡುವ ಗದ್ದಲವನ್ನೂ ಪರಿಸರ ಮಾಲಿನ್ಯವೆಂದು ಅಧ್ಯಯನ ಮಾಡಬೇಕು ಎಂದು 2023ರ ಫೆಬ್ರವರಿಯಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು! ಶಾಸನಸಭೆ ಅದೇ ವರ್ಷ ಕಾನೂನು ತಿದ್ದಬೇಕಾಯಿತು, 2024ರ ಜೂನ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ವಿಶ್ವವಿದ್ಯಾನಿಲಯದ ಪರ ತೀರ್ಪು ಕೊಟ್ಟಿತು. 2025ರ ಜೂನ್ ಕೊನೆಯಲ್ಲಿ ನಗರದೊಳಗಿನ ಹೆಚ್ಚಿನ ವಸತಿ ಯೋಜನೆಗಳನ್ನು ಈ ಪರಿಶೀಲನೆಯಿಂದಲೇ ಹೊರಗಿಡಲಾಯಿತು.

ದುಬಾರಿ ಫ್ಲ್ಯಾಟಿನಿಂದ ಬಡವನಿಗೇನು?

"ಬಿಲ್ಡರುಗಳು ಕಟ್ಟುವುದು ದುಡ್ಡಿದ್ದವರಿಗೆ, ಅದರಿಂದ ಬಡವನಿಗೆ ಏನು ಲಾಭ?" ಈ ಆಕ್ಷೇಪ ಅಲ್ಲಿನ ಚರ್ಚ್ ವಲಯಗಳಲ್ಲೂ ಕೇಳಿಬರುತ್ತದೆ. ಮೀನಿನ ಲೆಕ್ಕವನ್ನೇ ತಿರುಗಿಸಿ ನೋಡೋಣ. ಆಗಸ್ಟ್‌ನಲ್ಲಿ ದೋಣಿಗಳು ಕಡಲಿಗಿಳಿದು ಅಂಜಲ್ ಬಂದ ದಿನ, ಅಂಜಲ್ ಕೊಳ್ಳುವವರು ಬಂಗುಡೆಯ ಬುಟ್ಟಿ ಬಿಟ್ಟು ಹೋಗುತ್ತಾರೆ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಸಂಶೋಧಕರು ಯಾರು ಎಲ್ಲಿಂದ ಎಲ್ಲಿಗೆ ಮನೆ ಬದಲಿಸಿದರು ಎಂಬುದನ್ನು ಸರಕಾರಿ ದಾಖಲೆಗಳಿಂದಲೇ ಹಿಂಬಾಲಿಸಿದರು. ನಗರದ ನಡುವೆ ಮಾರುಕಟ್ಟೆ ದರದ 100 ಹೊಸ ಮನೆಗಳು ಎದ್ದರೆ, ಕೆಲವೇ ವರ್ಷಗಳಲ್ಲಿ ಕಡಿಮೆ ವರಮಾನದ ಬಡಾವಣೆಗಳಲ್ಲಿ ಸುಮಾರು 60 ಮನೆಗಳು ತೆರವಾಗುತ್ತವೆ ಎಂದು ಅವರು ಕಂಡುಕೊಂಡರು.

ನಿಯಮ ಸಡಿಲಿಸಿದ ಊರುಗಳ ಅನುಭವವೂ ಇದೆ. ನ್ಯೂಜಿಲೆಂಡಿನ ಆಕ್ಲೆಂಡ್ 2016ರಲ್ಲಿ ತನ್ನ ವಾಸದ ಜಾಗದ ಸುಮಾರು ಮುಕ್ಕಾಲು ಪಾಲಿನಲ್ಲಿ ಹೆಚ್ಚು ಮನೆಗಳಿಗೆ ಅವಕಾಶ ಕೊಟ್ಟಿತು. ಮುಂದಿನ ಐದಾರು ವರ್ಷಗಳಲ್ಲಿ ವರ್ಷಕ್ಕೆ ಕೊಡುವ ಮನೆ ಪರವಾನಗಿಗಳು ಇಮ್ಮಡಿಯಾದವು. ನಿಯಮ ಬದಲಾಗದಿದ್ದರೆ ಬಾಡಿಗೆ ಎಷ್ಟಿರುತ್ತಿತ್ತೋ ಅದಕ್ಕಿಂತ ಕಾಲು ಭಾಗದಷ್ಟು ಕಡಿಮೆ ಇದೆ ಎಂಬುದು ಅಲ್ಲಿನ ವಿಶ್ವವಿದ್ಯಾನಿಲಯದ ಅಂದಾಜು. ಅದು ಅಂದಾಜೇ, ಒಪ್ಪದ ಅರ್ಥಶಾಸ್ತ್ರಜ್ಞರೂ ಇದ್ದಾರೆ. ಅಮೆರಿಕದ್ದೇ ಆದ ಮಿನಿಯಾಪೊಲಿಸ್‌ನ ಲೆಕ್ಕ ಇನ್ನೂ ಸರಳ. 2017ರಿಂದ 2022ರವರೆಗೆ ಅಲ್ಲಿ ಮನೆಗಳು ಶೇ. 12ರಷ್ಟು ಹೆಚ್ಚಿದವು, ಬಾಡಿಗೆ ಏರಿದ್ದು ಶೇ. 1 ಮಾತ್ರ. ಅದೇ ಅವಧಿಯಲ್ಲಿ ಆ ರಾಜ್ಯದ ಉಳಿದೆಡೆ ಮನೆಗಳು ಹೆಚ್ಚಿದ್ದು ಶೇ. 4, ಬಾಡಿಗೆ ಏರಿದ್ದು ಶೇ. 14.

ಆದರೆ ತಿಂಗಳಿಗೆ 960 ಡಾಲರ್ ವರಮಾನದ ಕುಟುಂಬಕ್ಕೆ ಮಾರುಕಟ್ಟೆ ಎಷ್ಟು ಇಳಿದರೂ ಸಾಲದು. ಅವರಿಗೆ ಲಾಭ ನೋಡದೆ ಕಟ್ಟಿಕೊಡುವವರು ಬೇಕು. ಚರ್ಚಿನ ಜಾಗದ ಕಾನೂನು ಬರುವುದು ಇಲ್ಲಿಗೆ.

ಪಾರ್ಕಿಂಗ್ ಜಾಗದ ಮನೆಗಳು

ಅಮೆರಿಕದ ಚರ್ಚುಗಳಿಗೆ ದೊಡ್ಡ ಪಾರ್ಕಿಂಗ್ ಜಾಗಗಳಿವೆ, ಅವು ತುಂಬುವುದು ಭಾನುವಾರ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ ಎಲ್ಲ ಧರ್ಮಗಳ ಸಂಸ್ಥೆಗಳ ಬಳಿ ಮನೆ ಕಟ್ಟಬಹುದಾದ ಸುಮಾರು 47,000 ಎಕರೆ ಜಾಗ ಇದೆಯೆಂದು ಬರ್ಕ್ಲಿಯ ಟರ್ನರ್ ಕೇಂದ್ರ 2023ರಲ್ಲಿ ಲೆಕ್ಕಹಾಕಿತು. ಆದರೆ ವಲಯ ನಿಯಮದ ಪ್ರಕಾರ ಅಲ್ಲಿ ಪ್ರಾರ್ಥನೆ ಮಾಡಬಹುದು, ಕಾರು ನಿಲ್ಲಿಸಬಹುದು, ಫ್ಲ್ಯಾಟು ಕಟ್ಟುವಂತಿಲ್ಲ. ನಿಯಮ ಬದಲಿಸಲು ಅರ್ಜಿ ಹಾಕಿದರೆ ವರ್ಷಗಟ್ಟಲೆ ಸಾರ್ವಜನಿಕ ವಿಚಾರಣೆ. 'ನನ್ನ ಹಿತ್ತಲಲ್ಲಿ ಬೇಡ' ಎನ್ನುವ ನೆರೆಯವರಿಗೆ ಪ್ರತಿಯಾಗಿ ಸ್ಯಾನ್ ಡಿಯೇಗೋದಲ್ಲಿ 'ದೇವರ ಹಿತ್ತಲಲ್ಲಿ ಆಗಲಿ' ಎಂಬ ಹೆಸರಿನ ಚಳವಳಿಯೇ ಹುಟ್ಟಿಕೊಂಡಿತು.

ಎಸ್‌ಬಿ 4 ಎಂದು ಕರೆಯಲಾಗುವ ಕಾನೂನಿಗೆ ಗವರ್ನರ್ ಗ್ಯಾವಿನ್ ನ್ಯೂಸಮ್ 2023ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದರು. ಅದರಂತೆ ಧಾರ್ಮಿಕ ಸಂಸ್ಥೆ ತನ್ನ ಜಾಗದಲ್ಲಿ ಕಟ್ಟುವ ಮನೆಗಳು ಮುಖ್ಯವಾಗಿ ಕಡಿಮೆ ವರಮಾನದವರಿಗೆ ಮೀಸಲಾಗಿದ್ದರೆ, ವಲಯ ನಿಯಮ ಏನೇ ಹೇಳಲಿ, ನಗರಸಭೆ ಪರವಾನಗಿ ಕೊಡಲೇಬೇಕು. ಬಾಡಿಗೆ ಮನೆಗಳಾದರೆ ಕನಿಷ್ಠ 55 ವರ್ಷ ಅವು ಹಾಗೆಯೇ ಉಳಿಯಬೇಕು. ನೂರರಲ್ಲಿ ಐದು ಮನೆಗಳನ್ನು ಸಂಸ್ಥೆ ತನ್ನ ಸಿಬ್ಬಂದಿಗೆ ಕೊಡಬಹುದು. ಇಗರ್ಜಿಯ ಮಿರೋಣಿಗೂ ಮನೆ ಸಿಗಲಿ ಎಂಬ ಈ ಅಂಶ ನಮಗೆ ಹಿಡಿಸಿತು.

ಕಾನೂನು ಬಂದ ಕೂಡಲೇ ಮನೆಗಳು ಏಳುವುದಿಲ್ಲ. ಇಂತಹ ಒಂದು ಫ್ಲ್ಯಾಟಿಗೆ 5 ಲಕ್ಷ ಡಾಲರಿಗೂ ಹೆಚ್ಚು ತಗಲುವುದು ಅಲ್ಲಿ ಸಾಮಾನ್ಯ. ಜಾಗ ಚರ್ಚಿನದಾದರೂ ಉಳಿದ ಹಣಕ್ಕೆ ಸರಕಾರಿ ನೆರವು, ತೆರಿಗೆ ರಿಯಾಯಿತಿ, ಬ್ಯಾಂಕ್ ಸಾಲ ಎಲ್ಲ ಕೂಡಿಬರಬೇಕು. ಕಥೋಲಿಕ ಧರ್ಮಕೇಂದ್ರಗಳಿಗೆ ಇನ್ನೊಂದು ಹೆಜ್ಜೆ ಇದೆ. ಜಾಗವನ್ನು ಸಾಮಾನ್ಯವಾಗಿ ಮಾರುವುದಿಲ್ಲ, ದೀರ್ಘ ಗುತ್ತಿಗೆಗೆ ಕೊಡುತ್ತಾರೆ. ಅದಕ್ಕೆ ಬಿಷಪರ ಒಪ್ಪಿಗೆ ಬೇಕು, ಧರ್ಮಪ್ರಾಂತ್ಯದ ಹಣಕಾಸು ಸಮಿತಿಯ ಅಭಿಪ್ರಾಯ ಕೇಳಬೇಕಾಗುತ್ತದೆ. ಸಭೆಯ ಬೋಧನೆಯಲ್ಲಿ ಈ ವಿಷಯ ಹೊಸದೇನಲ್ಲ. 1987ರ ಡಿಸೆಂಬರ್‌ನಲ್ಲೇ ವ್ಯಾಟಿಕನ್ನಿನ ನ್ಯಾಯ ಮತ್ತು ಶಾಂತಿ ಆಯೋಗ ಮನೆಯಿಲ್ಲದವರ ಕುರಿತೇ ಒಂದು ದಾಖಲೆ ಹೊರಡಿಸಿತ್ತು. ಜಗದ್ಗುರು ಫ್ರಾನ್ಸಿಸರು 2014ರಿಂದ ಭೂಮಿ, ಸೂರು, ದುಡಿಮೆ ಈ ಮೂರನ್ನೂ ಹಕ್ಕೆಂದೇ ಹೇಳುತ್ತ ಬಂದರು.

ಕೊನೆಯದಾಗಿ ಒಂದು ವಿಷಯ. ಮಸಾಚುಸೆಟ್ಸ್ ರಾಜ್ಯದ ನೂರರಷ್ಟು ಊರುಗಳ ಸಾರ್ವಜನಿಕ ವಿಚಾರಣೆಗಳ ನಡಾವಳಿಗಳನ್ನು ಬೋಸ್ಟನ್ ವಿಶ್ವವಿದ್ಯಾನಿಲಯದವರು ಪರಿಶೀಲಿಸಿದಾಗ, ಹೊಸ ಮನೆಗಳ ಪರ ಮಾತಾಡಿದವರು ಶೇ. 15ರಷ್ಟು ಮಾತ್ರ. ಮಾತಾಡಿದವರಲ್ಲಿ ಹೆಚ್ಚಿನವರು ಸ್ವಂತ ಮನೆಯಿರುವ ಹಿರಿಯರು. ಇನ್ನೂ ಕಟ್ಟದ ಮನೆಯಲ್ಲಿ ವಾಸ ಮಾಡಬೇಕಾದವರು ಬೇರೆಲ್ಲೋ ಇರುತ್ತಾರೆ, ಸಭೆಯ ನೋಟೀಸೂ ಅವರಿಗೆ ತಲಪುವುದಿಲ್ಲ. ಎಸ್‌ಬಿ 4 ನಗರಸಭೆಯ ವಿಚಾರಣೆಯನ್ನು ತಪ್ಪಿಸಿದೆ. ಧರ್ಮಕೇಂದ್ರದ ಪಾಲನಾ ಪರಿಷತ್ತಿನ ಸಭೆ ಉಳಿದಿದೆ. ಪಾರ್ಕಿಂಗ್ ಜಾಗ ಬಿಟ್ಟುಕೊಡಬೇಕೇ ಬೇಡವೇ ಎಂಬುದು ಮೊದಲು ಚರ್ಚೆಯಾಗುವುದು ಅಲ್ಲಿ. ಬೇ ಏರಿಯಾದಲ್ಲಿ ಮನೆ ಕೊಂಡು ನೆಲೆಯೂರಿ, ಅಲ್ಲಿನ ಇಗರ್ಜಿಗಳಲ್ಲಿ ಹಾಡುವ, ವಾಚನ ಓದುವ ನಮ್ಮ ಊರುಗಳ ಮಕ್ಕಳು ಬಹಳ ಮಂದಿ ಇದ್ದಾರೆ. ಆ ಸಭೆಗೆ ಅವರಿಗೂ ಕರೆ ಬರುತ್ತದೆ.